ಕಡಮತ್ತಿನ ಕಾವಲುಗಾರ

ಒಂದು ಬೆರಳುದ್ದದ ಮೀನನ್ನು ನೋಡಬೇಕೆಂದು ಕೆಂಗೇರಿಯಿಂದ ಹೊರಟು ಅರಬ್ಬಿ ಸಮುದ್ರದ ನಡುವಿನ ಕಡಮತ್ ದ್ವೀಪದವರೆಗೆ ಹೋಗಿಬಂದೆ. ಮೈತುಂಬ ಕಂದು ಪಟ್ಟೆ ಇರುವ, ಹವಳದ ಬುಡದ ಮರಳಿನಲ್ಲಿ ಕೂತು ಹಗಲೆಲ್ಲ ಕಾವಲು ಕಾಯುವ ಗೋಬಿ ಎಂಬ ಮೀನು ಅದು. ಅದು ಕಾಯುವುದು ತನ್ನ ಜಾತಿಯ ಇನ್ನೊಂದು ಮೀನನ್ನಲ್ಲ, ಕಣ್ಣು ಮಂಜಾದ ಒಂದು ಸೀಗಡಿಯನ್ನು. ಸೀಗಡಿ ಮನೆ ತೋಡುತ್ತದೆ, ಮೀನು ಬಾಗಿಲಲ್ಲಿ ಕೂರುತ್ತದೆ, ರಾತ್ರಿಯಾದರೆ ಎರಡೂ ಒಳಗೆ ಸೇರಿಕೊಳ್ಳುತ್ತವೆ.

ಇದನ್ನು ನನಗೆ ಮೊದಲು ಹೇಳಿದವನು ನನ್ನ ತಮ್ಮ. ಅವನು ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಕಲಿತವನು. ದಡದಿಂದ ಸುಮಾರು 19 ಕಿ.ಮೀ. ಒಳಗಿರುವ ನೇತ್ರಾಣಿಯೇ ನಮ್ಮ ಕರ್ನಾಟಕದಲ್ಲಿ ಹವಳಕ್ಕೆ ಹೆಸರಾದ ಜಾಗ. ಅಲ್ಲಿ ಕಡಿದಾದ ಬಂಡೆಗಳಿಗೆ ಹವಳ ಹತ್ತಿಕೊಂಡಿದೆ; ನೀರು ಒಂದು ದಿನ ತಿಳಿ, ಇನ್ನೊಂದು ದಿನ ಮಬ್ಬು. "ಅಕ್ಕಾ, ಈ ಮೀನನ್ನ ಸಾವಧಾನವಾಗಿ ನೋಡ್ಬೇಕು ಅಂದ್ರೆ ತಿಳಿನೀರು ಬೇಕು, ಆಳ ಇರ್ಬಾರ್ದು, ಕೆಳಗೆ ಬಿಳಿ ಮರಳಿರ್ಬೇಕು. ಲಕ್ಷದ್ವೀಪಕ್ಕೇ ಹೋಗೋಣ ನಡಿ" ಅಂದ. ಕೆಂಗೇರಿ ಉಪನಗರದ ಶಾಲೆಯಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಸಹಜೀವನದ ಪಾಠ ಬಂದಾಗಲೆಲ್ಲ ಕಲ್ಲುಹೂವು, ಕಡಲೆ ಗಿಡದ ಬೇರುಗಂಟು ಇವನ್ನೇ ಹೇಳಿ ಮುಗಿಸುತ್ತಿದ್ದೆ. ಎರಡೂ ಕದಲದೆ ಇರುವ ಜೀವಗಳು. ಕಣ್ಣಿಗೆ ಕಾಣುವಂತೆ ಎರಡು ಪ್ರಾಣಿಗಳು ಒಂದನ್ನೊಂದು ನಂಬಿ ಕೆಲಸ ಮಾಡುವುದನ್ನು ನೋಡಬಹುದು ಎಂದ ಮೇಲೆ ಮನೆಯಲ್ಲಿ ಕೂರಲು ಮನಸ್ಸು ಒಪ್ಪಲಿಲ್ಲ.

ಕೆಂಗೇರಿಯವರಿಗೆ ಹರಿಯುವ ನೀರೆಂದರೆ ವೃಷಭಾವತಿ. ಊರಿನ ಕೊಳೆಯನ್ನೆಲ್ಲ ಹೊತ್ತು, ನೊರೆ ಕಾರುತ್ತ ಮೈಸೂರು ರಸ್ತೆಯ ಪಕ್ಕದಲ್ಲೇ ಸಾಗಿ, ಮುಂದೆ ಅರ್ಕಾವತಿಯನ್ನು ಸೇರಿ ಕಾವೇರಿಯ ಪಾಲಾಗುವ ನದಿ. ನೀರಿನ ತಳ ಕಾಣುವುದು ಎಂದರೇನು ಎಂಬುದು ನಮ್ಮ ಮಕ್ಕಳಿಗೆ ಚಿತ್ರದಲ್ಲಿ ನೋಡಿಯೇ ಗೊತ್ತು. ಆ ಊರಿನಿಂದ ಹೊರಟವಳಿಗೆ ಲಕ್ಷದ್ವೀಪದ ನೀರು ಹೇಗೆ ಕಂಡಿರಬಹುದು ಎಂಬುದನ್ನು ನನ್ನ ಊರಿನವರಾದರೂ ಊಹಿಸಬಲ್ಲರು.

ದ್ವೀಪಕ್ಕೆ ಹೊರಗಿನವರು ಹೋಗಲು ಪರವಾನಗಿ ಬೇಕು. ಆ ಕಾಗದ ಪತ್ರಗಳ ಕತೆ ಬೇಡ. ಕೈಗೆ ಬಂತು, ಹೊರಟೆವು. 2024ರಿಂದ ಬೆಂಗಳೂರಿನಿಂದ ಅಗತ್ತಿ ದ್ವೀಪಕ್ಕೆ ನೇರ ವಿಮಾನ ಶುರುವಾಗಿದೆ. ಇನ್ನೂ ಕತ್ತಲಿರುವಾಗಲೇ ನೈಸ್ ರಸ್ತೆ ಹಿಡಿದು ದೇವನಹಳ್ಳಿ ಸೇರಿ, ರೆಕ್ಕೆಗೆ ಫ್ಯಾನು ಕಟ್ಟಿದ ಪುಟ್ಟ ಎಟಿಆರ್ ವಿಮಾನ ಹತ್ತಿದೆವು.

ಘಟ್ಟ ದಾಟಿ ಸಮುದ್ರದ ಮೇಲೆ ಬಂದ ಮೇಲೆ ಬಹಳ ಹೊತ್ತು ಕೆಳಗೆ ಬರೀ ನೀರು. ನನಗೆ ಬೇಸರವಾಗಲಿಲ್ಲ, ಏಕೆಂದರೆ ಆ ನೀರಿನ ಕೆಳಗೆ ಏನಿದೆ ಎಂಬುದು ತಲೆಯಲ್ಲಿ ಓಡುತ್ತಿತ್ತು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭಾರತದ ನೆಲ ಒಂದು ಬಿಸಿ ಚಿಲುಮೆಯ ಮೇಲಿಂದ ಹಾದುಹೋಯಿತು. ಭೂಮಿಯ ಆಳದಿಂದ ಉಕ್ಕುವ ಆ ಚಿಲುಮೆಗೆ ಭೂವಿಜ್ಞಾನಿಗಳು ರಿಯೂನಿಯನ್ ಹಾಟ್‌ಸ್ಪಾಟ್ ಎನ್ನುತ್ತಾರೆ. ಆಗ ಹರಿದ ಲಾವಾ ಆರಿ ದಖ್ಖನ್ ಪ್ರಸ್ಥಭೂಮಿಯ ಕಪ್ಪು ಕಲ್ಲಾಯಿತು. ವಿಜಯಪುರ, ಕಲಬುರಗಿಯ ಎರೆ ಹೊಲಗಳು ಆ ಕಲ್ಲು ಕರಗಿ ಆದವು. ಭೂಫಲಕ ಉತ್ತರಕ್ಕೆ ಸರಿಯುತ್ತ ಹೋದಂತೆ ಅದೇ ಚಿಲುಮೆ ಸಮುದ್ರದ ತಳದಲ್ಲಿ ಜ್ವಾಲಾಮುಖಿಗಳ ಸಾಲನ್ನೇ ಎಬ್ಬಿಸಿತು: ಲಕ್ಷದ್ವೀಪ, ಅದರ ದಕ್ಷಿಣಕ್ಕೆ ಮಾಲ್ದೀವ್ಸ್, ಇನ್ನೂ ಕೆಳಗೆ ಚಾಗೋಸ್. ಬೆಟ್ಟಗಳು ಕ್ರಮೇಣ ನೀರಿನೊಳಗೆ ಕುಸಿದವು. ಅವು ಇಳಿದಷ್ಟೂ ಹವಳಗಳು ಮೇಲಕ್ಕೆ ಬೆಳೆದವು, ಬೆಳಕು ಸಿಗುವ ಎತ್ತರವನ್ನು ಬಿಟ್ಟುಕೊಡಲೇ ಇಲ್ಲ. ಬೆಟ್ಟ ಮುಳುಗಿಹೋಯಿತು, ಹವಳದ ಉಂಗುರ ಉಳಿಯಿತು. ಉಂಗುರದ್ವೀಪಗಳು ಹುಟ್ಟುವುದು ಹೀಗೇ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲೇ ಪುಸ್ತಕ ಬರೆದು ವಾದಿಸಿದ್ದ. ವಿಜಯಪುರದ ಜೋಳದ ಹೊಲಕ್ಕೂ ನಾನು ನೋಡಹೊರಟ ಮೀನಿನ ಮನೆಗೂ ತಳಪಾಯ ಹಾಕಿದ್ದು ಒಂದೇ ಬೆಂಕಿ! ಕಿಟಕಿಗೆ ಹಣೆ ಒತ್ತಿಕೊಂಡು ಇದನ್ನು ನೆನೆಯುತ್ತಿದ್ದಾಗಲೇ ಕೆಳಗಿನ ಕಡುನೀಲಿ ಒಮ್ಮೆಗೇ ತಿಳಿಹಸಿರಾಯಿತು. ಒಂದು ಬಿಳಿ ಗೆರೆ, ಅದರೊಳಗೆ ತೆಂಗಿನ ಸಾಲು, ತುದಿಯಲ್ಲಿ ರನ್‌ವೇ. ಎರಡೂ ಬದಿಗೆ ನೀರನ್ನೇ ನೋಡುತ್ತ ಅಗತ್ತಿಯಲ್ಲಿ ಇಳಿದೆವು. ಅಲ್ಲಿಂದ ಹಡಗಿನಲ್ಲಿ ಕಡಮತ್.

ಕಡಮತ್ ಉತ್ತರ ದಕ್ಷಿಣವಾಗಿ ಚಾಚಿದ ಕಿರಿದಾದ ದ್ವೀಪ. ಉದ್ದ ಸುಮಾರು 9 ಕಿ.ಮೀ., ಅಗಲ ಅರ್ಧ ಕಿ.ಮೀ. ಆಸುಪಾಸು. ಪಶ್ಚಿಮಕ್ಕೆ ಅಲೆಯೇ ಇಲ್ಲದ ಲಗೂನು. ಅದರಾಚೆ ಹವಳದ ದಂಡೆ. ಅಲ್ಲಿ ಸಮುದ್ರ ಬಡಿಯುವ ಸದ್ದು ಹಗಲು ರಾತ್ರಿ ಕೇಳುತ್ತದೆ. ಜನ ಆಡುವುದು ಜೆಸರಿ ಎಂಬ ಮಲಯಾಳಂ. ನನ್ನ ಕನ್ನಡಕ್ಕೆ ಇಲ್ಲಿ ಕೆಲಸವಿಲ್ಲ ಎಂದುಕೊಂಡೇ ಇಳಿದಿದ್ದೆ. ಜೆಟ್ಟಿಯ ಹತ್ತಿರ ಬಲೆ ಹೆಣೆಯುತ್ತ ಕೂತಿದ್ದ ಮುದುಕರೊಬ್ಬರು ನಮ್ಮ ಮಾತು ಕೇಳಿಸಿಕೊಂಡು ತಲೆ ಎತ್ತಿದರು.

"ನಿಮ್ಮದು ಮಂಗಳೂರಾ?"

"ಇಲ್ಲ ಕಾಕಾ, ಬೆಂಗಳೂರು. ಕೆಂಗೇರಿ."

"ನಮಗೆ ಮಂಗಳೂರೇ ಮಾರಾಯ್ರೇ. ನಮ್ಮ ಬಾಪ ತೆಂಗಿನ ಹುರಿ ಓಡದಲ್ಲಿ ಹಾಕಿಕೊಂಡು ಬಂದರಕ್ಕೆ ಹೋಗಿ ಅಕ್ಕಿ ತರ್ತಿದ್ದದ್ದು."

ಅವರ ತಂದೆಯ ಆ ಓಡದ ಹಿಂದೆ ನೂರೈವತ್ತು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಅಮಿನಿ, ಕಡಮತ್, ಕಿಲ್ತಾನ್, ಚೇತ್ಲತ್, ಬಿತ್ರಾ ದ್ವೀಪಗಳ ಗುಂಪಿಗೆ ಅಮಿನ್‌ದೀವಿ ಎಂದು ಹೆಸರು. ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತ ಸಾಕಾಗಿ ಅಮಿನಿಯ ಜನ ಟಿಪ್ಪು ಸುಲ್ತಾನನ ಮೊರೆಹೊಕ್ಕರು. 1787ರಲ್ಲಿ ಈ ದ್ವೀಪಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಮ್ಮ ಕೆಂಗೇರಿಯನ್ನು ಸೀಳಿಕೊಂಡು ಹೋಗುವ ರಸ್ತೆಯ ಆ ತುದಿಯಲ್ಲಿ, ಶ್ರೀರಂಗಪಟ್ಟಣದಲ್ಲಿ ಕೂತು ಹನ್ನೆರಡು ವರ್ಷ ಈ ಹವಳದ ದ್ವೀಪಗಳನ್ನು ಆಳಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಇವನ್ನು ಕೆನರಾ ಜಿಲ್ಲೆಗೆ ಜೋಡಿಸಿದರು. ಮಂಗಳೂರಿನ ಕಲೆಕ್ಟರರೇ ಇಲ್ಲಿಗೂ ದೊರೆ, ಅವರ ಪರವಾಗಿ ಅಮಿನಿಯಲ್ಲಿ ಮೊನೇಗಾರ ಎಂಬ ಒಬ್ಬ ಅಧಿಕಾರಿ. ದ್ವೀಪದವರು ಹುರಿ ಕೊಡಬೇಕು, ಸರ್ಕಾರ ಅಕ್ಕಿ ಕೊಡುತ್ತದೆ. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವವರೆಗೂ ಈ ನಂಟು ಉಳಿಯಿತು. ಲಕ್ಷದ್ವೀಪ ಎಂದು ಹೆಸರಿಟ್ಟದ್ದು 1973ರ ನವೆಂಬರ್ 1ರಂದು. ಮೈಸೂರು ರಾಜ್ಯ ಕರ್ನಾಟಕವಾದದ್ದೂ ಅದೇ ದಿನ. ಇವತ್ತಿಗೂ ಮಂಗಳೂರಿನ ಹಳೇ ಬಂದರಿನಿಂದ ಜಲ್ಲಿ, ಸಿಮೆಂಟು, ತರಕಾರಿ ತುಂಬಿದ ಮಂಜಿ ಹಡಗುಗಳು ಈ ದ್ವೀಪಗಳಿಗೆ ಹೊರಡುತ್ತವೆ. ಪರದೇಶಕ್ಕೆ ಬಂದ ಭಾವ ಆ ಜೆಟ್ಟಿಯ ಮೇಲೆಯೇ ಕಳಚಿಹೋಯಿತು.

ಮರುದಿನ ಬೆಳಿಗ್ಗೆ ನೀರಿಗೆ ಇಳಿದೆವು. ಡೈವಿಂಗ್ ಹೇಳಿಕೊಡುವ ಹುಡುಗ ಕಡಮತ್ತಿನವನೇ. ದಡದ ಹತ್ತಿರ ಸೊಂಟದ ಮಟ್ಟದ ನೀರಿನಲ್ಲಿ ಬಾಯಿಂದ ಉಸಿರಾಡುವುದನ್ನು, ಕಿವಿ ಬಿಗಿದರೆ ಮೂಗು ಹಿಡಿದು ಊದುವುದನ್ನು ಚೆನ್ನಾಗಿ ಅಭ್ಯಾಸ ಮಾಡಿಸಿದ. "ಮೇಡಂ, ಹವಳಕ್ಕೆ ಕೈ ತಾಗಬಾರದು. ಮೀನಿನ ಹತ್ತಿರ ಹೋಗುವಾಗ ಕೈ ಬೀಸಬಾರದು. ಅದು ಮೊದಲು ನಿಮ್ಮನ್ನು ನೋಡುತ್ತದೆ, ಆಮೇಲೆ ನೀವು ಅದನ್ನು" ಎಂದು ಮಲಯಾಳಂ, ಹಿಂದಿ ಬೆರೆಸಿ ಹೇಳಿದ್ದನ್ನು ತಮ್ಮ ಕನ್ನಡ ಮಾಡಿ ಹೇಳಿದ. ಕೆಳಗಿಳಿದದ್ದು ಹೆಚ್ಚೆಂದರೆ ನಾಲ್ಕೈದು ಮೀಟರ್. ಬಿಸಿಲು ತಳದವರೆಗೆ ಬೀಳುತ್ತಿತ್ತು, ಮರಳಿನ ಮೇಲೆ ಬೆಳಕಿನ ಬಲೆ ಅಲುಗಾಡುತ್ತಿತ್ತು.

ಮೊದಲು ಗಮನಕ್ಕೆ ಬಂದದ್ದು ಸದ್ದು. ಸಮುದ್ರದ ಒಳಗೆ ಮೌನವಿರುತ್ತದೆ ಎಂದು ಯಾರು ಹೇಳಿದರೋ! ಎಡಬಿಡದೆ ಚಟಪಟ, ಚಟಪಟ. ಯಾವ ಕಡೆಯಿಂದ ಎಂದು ಹೇಳಲಾಗದು, ಎಲ್ಲ ಕಡೆಯಿಂದ. ಹುಡುಗ ಕೈಸನ್ನೆ ಮಾಡಿ ತೋರು ಬೆರಳನ್ನೂ ಹೆಬ್ಬೆರಳನ್ನೂ ಪಟ್ಟನೆ ಕೂಡಿಸಿದ. ಪಿಸ್ತೂಲು ಸೀಗಡಿಗಳು. ಅವಕ್ಕೆ ಒಂದು ಕೊಂಡಿ ಚಿಕ್ಕದು, ಒಂದು ದೊಡ್ಡದು. ದೊಡ್ಡ ಕೊಂಡಿಯನ್ನು ಎಷ್ಟು ಜೋರಾಗಿ ಮುಚ್ಚುತ್ತವೆಂದರೆ ನೀರು ಚಿಮ್ಮಿ ಅದರ ಹಿಂದೆ ಒಂದು ಗುಳ್ಳೆ ಹುಟ್ಟುತ್ತದೆ. ಸದ್ದು ಬರುವುದು ಕೊಂಡಿ ತಾಗಿದ್ದರಿಂದಲ್ಲ, ಆ ಗುಳ್ಳೆ ಕುಸಿಯುವುದರಿಂದ ಎಂದು 2000ದಲ್ಲಿ ವಿಜ್ಞಾನಿಗಳು ಅತಿ ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು ತೋರಿಸಿದರು. ಕುಸಿಯುವ ಕ್ಷಣದಲ್ಲಿ ಗುಳ್ಳೆಯೊಳಗಿನ ಶಾಖ 5000 ಕೆಲ್ವಿನ್ ಮುಟ್ಟುತ್ತದೆ, ಒಂದು ಕಿರುಬೆಳಕೂ ಮಿನುಗುತ್ತದೆ ಎಂದು ಮರುವರ್ಷ ಗೊತ್ತಾಯಿತು. ಕಿರುಬೆರಳಿಗಿಂತ ಚಿಕ್ಕ ಪ್ರಾಣಿಯ ಕೈಯಲ್ಲಿ ಸೂರ್ಯನ ಮೇಲ್ಮೈಗೆ ಹತ್ತಿರವಾದ ಶಾಖ. ಇಷ್ಟು ಬಲವಿರುವ ಜೀವಕ್ಕೆ ದೃಷ್ಟಿ ಮಾತ್ರ ಬಹಳ ಮಂದ. ಮರಳ ಬಿಲದಿಂದ ಹೊರಗೆ ಬಂದರೆ ಯಾವ ಮೀನು ಯಾವಾಗ ನುಂಗುತ್ತದೋ ತಿಳಿಯದು.

ಹುಡುಗ ತಟ್ಟನೆ ನಿಂತ. ಅಂಗೈ ಕೆಳಗೆ ಮಾಡಿ, ಕೂರಿ ಎಂದ. ಹವಳದ ಗುಂಡೊಂದರ ಬುಡದಲ್ಲಿ, ಮರಳೂ ಹವಳದ ಚೂರೂ ಬೆರೆತ ಜಾಗದಲ್ಲಿ ಹೆಬ್ಬೆರಳು ಹಿಡಿಸುವಷ್ಟು ಒಂದು ತೂತು. ತೂತಿನ ಬಾಯಲ್ಲಿ ಅವನು ಕೂತಿದ್ದ. ಬಿಳಿಚು ಮೈ, ಅದಕ್ಕೆ ಅಡ್ಡಲಾಗಿ ಅಗಲವಾದ ಕಂದುಗೆಂಪು ಪಟ್ಟೆಗಳು, ಬೆನ್ನಿನ ಈಜುರೆಕ್ಕೆಯ ತುಂಬ ಕಿತ್ತಳೆ ಚುಕ್ಕಿ. ಎದೆಯ ಕೆಳಗಿನ ರೆಕ್ಕೆಗಳನ್ನು ಮರಳಿಗೆ ಊರಿ, ತಲೆ ಮೇಲೆತ್ತಿ, ನೆತ್ತಿಯ ಮೇಲೆ ಉಬ್ಬಿ ನಿಂತ ಕಣ್ಣುಗಳನ್ನು ಒಂದನ್ನು ಆಚೆಗೆ ಒಂದನ್ನು ಈಚೆಗೆ ತಿರುಗಿಸುತ್ತಿದ್ದ. ಆ ಕಣ್ಣು ನನ್ನ ಮೇಲೆ ಬಂದು ನಿಂತದ್ದು ನನಗೆ ತಿಳಿಯಿತು. ಮೀನು ಅಲುಗಲಿಲ್ಲ. ನಾನೂ ಅಲುಗಲಿಲ್ಲ. ಉಸಿರಿನ ಗುಳ್ಳೆಗಳು ಮಾತ್ರ ಮೇಲಕ್ಕೆ ಹೋಗುತ್ತಿದ್ದವು.

ಹೀಗೇ ಇದ್ದಾಗ ತೂತಿನೊಳಗಿಂದ ಮೊದಲು ಒಂದು ರಾಶಿ ಮರಳು ಹೊರಗೆ ಬಂತು. ಮರಳಿನ ಹಿಂದೆ ಎರಡು ಕೊಂಡಿ, ಕೊಂಡಿಯ ಹಿಂದೆ ಸೀಗಡಿ. ಮೆಟ್ರೊ ಕೆಲಸ ನಡೆಯುವಾಗ ಮೈಸೂರು ರಸ್ತೆಯಲ್ಲಿ ಜೆಸಿಬಿ ಮಣ್ಣು ತಳ್ಳುವುದನ್ನು ದಿನವೂ ನೋಡಿದ್ದೇನಲ್ಲ, ಅದೇ ರೀತಿ ಕೊಂಡಿಗಳನ್ನು ಮುಂದೆ ಜೋಡಿಸಿ ಮರಳು ತಳ್ಳಿ, ಬಾಗಿಲಿಂದ ಸ್ವಲ್ಪ ದೂರ ಬಿಟ್ಟು, ತಿರುಗಿ ಒಳಗೆ ಹೋಯಿತು. ಮತ್ತೆ ಬಂತು. ಈ ಸಲ ಒಂದು ಹವಳದ ಚೂರನ್ನು ಎತ್ತಿ ತಂದು ಬಾಗಿಲ ಪಕ್ಕಕ್ಕೆ ಒರಗಿಸಿತು. ಹೊರಗಿರುವಷ್ಟು ಹೊತ್ತೂ ಅದರ ಉದ್ದ ಮೀಸೆಗಳಲ್ಲಿ ಒಂದು ಮೀನಿನ ಮೈಗೆ ತಾಗಿಯೇ ಇತ್ತು. ಇದನ್ನು ಓದಿದ್ದೆ, ಚಿತ್ರ ನೋಡಿದ್ದೆ. ಕಣ್ಣೆದುರು ಆ ಮೀಸೆ ಬಾಲದ ಬುಡಕ್ಕೆ ತಾಗಿದ್ದು ಕಂಡಾಗ ಮುಖವಾಡದೊಳಗೆ ನನ್ನ ಕಣ್ಣು ತುಂಬಿತು.

ಅಷ್ಟರಲ್ಲಿ ಎಲ್ಲಿಂದಲೋ ಒಂದು ದೊಡ್ಡ ಮೀನಿನ ನೆರಳು ಹಾದುಹೋಯಿತು. ಪಟ್ಟೆ ಮೀನು ಬಾಲವನ್ನು ಒಂದೆರಡು ಸಲ ಸಣ್ಣಗೆ ಅದುರಿಸಿತು. ಅಷ್ಟೇ. ಸೀಗಡಿ ಹೊತ್ತಿದ್ದ ಮರಳನ್ನು ಅಲ್ಲೇ ಬಿಟ್ಟು ಹಿಂದಕ್ಕೇ ಸರಿದು ಮಾಯವಾಯಿತು. ಮೀನು ಮಾತ್ರ ಕೂತಲ್ಲೇ ಕೂತು ನೆರಳು ಹೋಗುವುದನ್ನು ನೋಡಿತು. ಸ್ವಲ್ಪ ಹೊತ್ತಿಗೆ ಒಂದು ಮೀಸೆ ಹೊರಗೆ ಬಂದು, ಬಾಲವನ್ನು ತಡವಿ, ಇದ್ದಾನೆ ಎಂದು ಖಾತ್ರಿಯಾದ ಮೇಲೆ ಮತ್ತೆ ಕೆಲಸ ಶುರುವಾಯಿತು.

ನನಗೆ ಉಸಿರು ಕಟ್ಟಿಹಿಡಿಯಬೇಕೆನಿಸಿತು. ನೀರಿನೊಳಗೆ ಹಾಗೆ ಮಾಡಬಾರದು ಎಂದು ಹೇಳಿಕೊಟ್ಟಿದ್ದರಿಂದ ಮಾಡಲಿಲ್ಲ. ಗಾಳಿ ಮುಗಿಯುವವರೆಗೂ ಅಲ್ಲೇ ಇದ್ದೆ. ಕಡೆಗೆ ತಮ್ಮ ಹತ್ತಿರದಿಂದ ನೋಡುವ ಆಸೆಗೆ ಒಂದು ಅಡಿ ಮುಂದೆ ಸರಿದಾಗ ಪಟ್ಟೆ ಮೀನು ತಿರುಗಿ ತಲೆ ಮುಂದಾಗಿ ಬಿಲಕ್ಕೆ ಹಾರಿತು. ಮರಳು ಕದಡಿ ಒಂದು ಸಣ್ಣ ಹೊಗೆ ಎದ್ದಿತು, ಬಾಗಿಲು ಖಾಲಿ.

ಈ ಸಂಬಂಧವನ್ನು ಮೊದಲು ವಿವರವಾಗಿ ಬರೆದವರಲ್ಲಿ ಜರ್ಮನಿಯ ಲೂಥರ್ ಎಂಬ ಸಂಶೋಧಕ ಒಬ್ಬ. ಕೆಂಪು ಸಮುದ್ರದಲ್ಲಿ ನೋಡಿದ್ದನ್ನು 1958ರಲ್ಲಿ ಪ್ರಕಟಿಸಿದ. 1970ರ ದಶಕದಲ್ಲಿ ಇಸ್ರೇಲಿನ ಇಲಾನ್ ಕಾರ್ಪ್ಲಸ್ ಮತ್ತು ಜೊತೆಗಾರರು ಅದೇ ಸಮುದ್ರದ ಮೀನು, ಸೀಗಡಿಗಳ ಮಾತುಕತೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಮೀಸೆಯ ತಾಗು ಒಂದು ಪ್ರಶ್ನೆ, ಬಾಲದ ಅದುರು ಒಂದು ಉತ್ತರ. ಮೀನು ಬಾಗಿಲಲ್ಲಿ ಇಲ್ಲದಿದ್ದರೆ ಸೀಗಡಿ ಹೊರಗೆ ಬರುವುದೇ ಇಲ್ಲ. ಬಿಲ ಮರಳಿನದಾದ್ದರಿಂದ ಕುಸಿಯುತ್ತಲೇ ಇರುತ್ತದೆ, ದುರಸ್ತಿಗೆ ಕೊನೆಯಿಲ್ಲ. ಒಳಗೆ ಒಂದು ಮೀಟರಿಗೂ ಉದ್ದ ಹೋಗುವುದುಂಟು. ಮೀನಿಗೆ ತೋಡಲು ಬಾರದು, ಸೀಗಡಿಗೆ ನೋಡಲು ಬಾರದು. ಮೀನು ಮೊಟ್ಟೆಯಿಡುವುದೂ ಆ ಬಿಲದೊಳಗೇ. ಹಿಂದೂ ಮಹಾಸಾಗರ, ಪೆಸಿಫಿಕ್ ಎರಡರಲ್ಲೂ ಸೇರಿ 120ಕ್ಕೂ ಹೆಚ್ಚು ಬಗೆಯ ಗೋಬಿಗಳು ಹೀಗೆ ಸೀಗಡಿಗಳ ಜೊತೆ ಬಾಳುತ್ತವೆ. ನಾನು ಕಂಡದ್ದು ಅವುಗಳಲ್ಲಿ ಆಂಬ್ಲಿಎಲಿಯೋಟ್ರಿಸ್ ಎಂಬ ಕುಲದ್ದು.

ಸಂಜೆ ದಡದಲ್ಲಿ ಕೂತು ತಮ್ಮ ತಂದಿದ್ದ ಪುಸ್ತಕ ಬಿಡಿಸಿದಾಗ ನನ್ನ ಬೆರಗು ಇನ್ನಷ್ಟು ಹರಡಿಕೊಂಡಿತು. ಗೋಬಿ ಎಂಬುದು ಮೀನುಗಳಲ್ಲೇ ಅತಿ ದೊಡ್ಡ ಕುಟುಂಬಗಳಲ್ಲಿ ಒಂದು. ಬೆನ್ನುಮೂಳೆ ಇರುವ ಪ್ರಾಣಿಗಳಲ್ಲಿ ಅತಿ ಚಿಕ್ಕವುಗಳ ಸಾಲಿಗೆ ಸೇರುವ ಟ್ರಿಮ್ಮಾಟೋಮ್ ನಾನಸ್ ಒಂದು ಗೋಬಿ. ಪೂರ್ತಿ ಬೆಳೆದರೂ ಸುಮಾರು ಒಂದು ಸೆಂಟಿಮೀಟರ್. 1981ರಲ್ಲಿ ಅದಕ್ಕೆ ಹೆಸರು ಕೊಟ್ಟದ್ದು ಚಾಗೋಸ್ ದ್ವೀಪಗಳಲ್ಲಿ ಸಿಕ್ಕ ಮಾದರಿಗಳಿಂದ. ನಾನು ಕೂತಿದ್ದ ದ್ವೀಪದ ಕೆಳಗಿನ ಬೆಟ್ಟಸಾಲಿನ ಆ ತುದಿ ಅದು. ಇವಿಯೋಟ ಸಿಜಿಲ್ಲಾಟ ಎಂಬ ಇನ್ನೊಂದರ ಇಡೀ ಆಯುಷ್ಯ ಹೆಚ್ಚೆಂದರೆ 59 ದಿನ ಎಂದು 2005ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಲೆಕ್ಕ ಹಾಕಿದರು. ಮೊದಲ ಮೂರು ವಾರ ಮರಿಯಾಗಿ ತೆರೆದ ಸಮುದ್ರದಲ್ಲಿ ತೇಲುತ್ತದೆ. ಆಮೇಲೆ ಹವಳಕ್ಕೆ ಬಂದು ಇಳಿದು, ಬೆಳೆದು, ಜೊತೆ ಕೂಡಿ, ಗಂಡು ಮೊಟ್ಟೆಗಳನ್ನು ಕಾದು, ಎಲ್ಲ ಮುಗಿಸಬೇಕು. ನಮ್ಮ ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಒಂದು ಬಾಳು!

ಇವು ಇಷ್ಟು ಚಿಕ್ಕವು, ಇಷ್ಟು ಬೇಗ ಸಾಯುತ್ತವೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟಿದ್ದರು. ಆದರೆ 2019ರಲ್ಲಿ ಸೈಮನ್ ಬ್ರಾಂಡಲ್ ಮತ್ತು ಸಂಗಡಿಗರು ತೋರಿಸಿದ ಪ್ರಕಾರ ಹವಳದ ದಂಡೆಯಲ್ಲಿ ತಿನ್ನಲ್ಪಡುವ ಮೀನಿನ ಮಾಂಸದಲ್ಲಿ ಶೇ. 60ರ ಹತ್ತಿರ ಒದಗಿಸುವುದು ಗೋಬಿಯಂಥ, ಹವಳದ ಸಂದಿಗಳಲ್ಲಿ ಅಡಗಿರುವ ಈ ಕಿರುಮೀನುಗಳೇ. ಸಾಯುತ್ತವೆ, ತಕ್ಷಣ ಹೊಸವು ಬಂದು ತುಂಬುತ್ತವೆ, ಮತ್ತೆ ತಿನಿಸಾಗುತ್ತವೆ. ಬಡ ನೀರಿನ ನಡುವೆ ಹವಳದ ದಂಡೆ ಹೇಗೆ ಇಷ್ಟು ಜೀವ ಸಾಕುತ್ತದೆ ಎಂಬ ಹಳೆಯ ಒಗಟಿನ ಒಂದು ತುಂಡು ಇಲ್ಲಿದೆ. ಬಣ್ಣದ ದೊಡ್ಡ ಮೀನುಗಳ ಫೋಟೊ ತೆಗೆದುಕೊಂಡು ಬರುವವರಿಗೆ ಆ ಬಣ್ಣದ ಹಿಂದಿನ ಅನ್ನ ಯಾರದೆಂದು ಗೊತ್ತಾಗುವುದಿಲ್ಲ.

ಮರುದಿನ ಕೊಂಬೆ ಹವಳದ ನಡುವೆ ಇರುವ ಗೋಬಿಗಳನ್ನೂ ಕಂಡೆ. ಇವು ಗೋಬಿಯೋಡಾನ್ ಕುಲದವು, ತೋರುಬೆರಳ ಒಂದು ಗೆಣ್ಣಿನಷ್ಟು. ಹವಳ ಬಿಟ್ಟು ಹೊರಗೆ ಬರುವುದೇ ಅಪರೂಪ. ಫಿಜಿ ದ್ವೀಪಗಳಲ್ಲಿ ನಡೆದ ಒಂದು ಪ್ರಯೋಗ 2012ರಲ್ಲಿ ಪ್ರಕಟವಾಯಿತು: ವಿಷಪಾಚಿಯೊಂದು ಹವಳಕ್ಕೆ ತಾಗಿದಾಗ ಹವಳ ಒಂದು ರಾಸಾಯನಿಕವನ್ನು ನೀರಿಗೆ ಬಿಡುತ್ತದೆ, ಕೆಲವೇ ನಿಮಿಷಗಳಲ್ಲಿ ಗೋಬಿಗಳು ಬಂದು ಆ ಪಾಚಿಯನ್ನು ಕತ್ತರಿಸತೊಡಗುತ್ತವೆ. ಹವಳ ಕರೆಯುತ್ತದೆ, ಮೀನಿಗೆ ಕೇಳಿಸುತ್ತದೆ. ಒಂದು ಹಸಿರು ಕೊಂಬೆ ಗೊಂಚಲಿನ ಎದುರು ತೇಲುತ್ತ ನಾನು ಆ ಕರೆಯನ್ನು ಕಲ್ಪಿಸಿಕೊಳ್ಳಲು ನೋಡಿದೆ.

ಆದರೆ ಆ ಗೊಂಚಲಿನ ಆಚೆಗೆ ನೋಡಿದ್ದನ್ನೂ ಹೇಳಬೇಕು. ಬೂದು ಬಣ್ಣದ, ಪಾಚಿ ಕಟ್ಟಿದ ಕೊಂಬೆಗಳ ಬಯಲು. ಮುರಿದು ಬಿದ್ದ ಹವಳದ ಚೂರುಗಳ ರಾಶಿ. ನೀರು ಕಾದಾಗ ಹವಳ ತನ್ನೊಳಗೆ ಬಾಳುವ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪ ಈ ಹೊಡೆತವನ್ನು 1998ರಲ್ಲಿ, 2010ರಲ್ಲಿ, 2016ರಲ್ಲಿ ತಿಂದಿತು, 2024ರಲ್ಲಿ ಮತ್ತೆ ತಿಂದಿತು. ಇದನ್ನು ಬಿಡದೆ ದಾಖಲಿಸಿದವರು ನಮ್ಮ ಮೈಸೂರಿನವರು. 1996ರಲ್ಲಿ ಮೈಸೂರಿನಲ್ಲಿ ಹುಟ್ಟಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ರೋಹನ್ ಆರ್ಥರ್ ಮತ್ತವರ ತಂಡ ಅಗತ್ತಿ, ಕಡಮತ್, ಕವರತ್ತಿಯ ದಂಡೆಗಳನ್ನು 1998ರಿಂದ ಅಳೆಯುತ್ತ ಬಂದಿದೆ. 24 ವರ್ಷಗಳಲ್ಲಿ ಜೀವಂತ ಹವಳದ ಹೊದಿಕೆ ಶೇ. 37ರ ಆಸುಪಾಸಿನಿಂದ ಶೇ. 19ರ ಹತ್ತಿರಕ್ಕೆ ಇಳಿದಿದೆ. ಅರ್ಧ ಹೋಯಿತು. ಕಡಲಿಲ್ಲದ ಊರಿನಿಂದ ಹೋಗಿ ಕಡಲಿನ ತಳದಲ್ಲಿ ಇಷ್ಟು ವರ್ಷ ಲೆಕ್ಕ ಬರೆದವರ ಶ್ರಮಕ್ಕೆ ಕನ್ನಡ ನಾಡು ಹೆಮ್ಮೆಪಡಬೇಕು, ಆ ಲೆಕ್ಕವನ್ನು ನಮ್ಮ ಮಕ್ಕಳ ಪಾಠಪುಸ್ತಕದಲ್ಲಿ ಸೇರಿಸಬೇಕು. ಕೊಂಬೆ ಸತ್ತರೆ ಕೊಂಬೆಯ ಗೋಬಿಗೆ ಬೇರೆ ಮನೆಯಿಲ್ಲ. ಈ ದ್ವೀಪಗಳಿಗೂ ಅಷ್ಟೇ, ಅಲೆಗೂ ಮನೆಗಳಿಗೂ ನಡುವೆ ನಿಂತಿರುವುದು ಆ ದಂಡೆಯೊಂದೇ.

ಹೊರಡುವ ಹಿಂದಿನ ಸಂಜೆ ನೀರಿನ ಮೇಲೆ ತೇಲಿಕೊಂಡು, ಸ್ನಾರ್ಕೆಲ್ ಕಚ್ಚಿ, ಅದೇ ಬಿಲದ ಮೇಲೆ ಕಾದೆ. ಸೂರ್ಯ ಇಳಿಯುತ್ತಿದ್ದಂತೆ ಸೀಗಡಿ ಮರಳು ತಳ್ಳುವುದನ್ನು ನಿಲ್ಲಿಸಿತು. ಪಟ್ಟೆ ಮೀನು ಇನ್ನೂ ಸ್ವಲ್ಪ ಹೊತ್ತು ಕೂತು, ಬಾಲ ಹಿಂದಾಗಿ ಮೆಲ್ಲನೆ ಒಳಸರಿಯಿತು. ಆಮೇಲೆ ನೋಡಿದರೆ ತೂತೇ ಇಲ್ಲ. ಬಾಗಿಲಿಗೆ ಮರಳು ಮುಚ್ಚಿಕೊಂಡಿತ್ತು. ಬೆಳಿಗ್ಗೆ ಬೇಗ ಬಂದು ಅದೇ ಜಾಗ ಹುಡುಕಿದೆ. ಬಿಸಿಲು ತಳಕ್ಕೆ ಬಿದ್ದ ಮೇಲೆ ಮರಳು ಅಲುಗಿತು, ಕುಸಿಯಿತು, ತೂತಾಯಿತು. ಮೊದಲು ಹೊರಗೆ ಬಂದದ್ದು ಪಟ್ಟೆ ಮುಖ. ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ಮೈ ಪೂರ್ತಿ ಹೊರಗೆ ತಂದು ರೆಕ್ಕೆ ಊರಿ ಕೂತಿತು. ಅದರ ಹಿಂದೆ ಮೀಸೆ. ಬಿಲದ ಪಕ್ಕದಲ್ಲಿ ಪೆನ್ನಿನ ತುದಿಯಷ್ಟಗಲದ ಇನ್ನೊಂದು ತೂತು ಆಗ ಕಣ್ಣಿಗೆ ಬಿತ್ತು. ಅದರ ಬಾಯಲ್ಲೂ ಒಂದು ಮರಿ, ಅದಕ್ಕೂ ಪಟ್ಟೆ. ತೆರೆದ ಸಮುದ್ರದಲ್ಲಿ ತೇಲುತ್ತಿದ್ದ ಮರಿ ಈ ಮರಳಿಗೆ ಬಂದಿಳಿದು, ತನ್ನಷ್ಟೇ ಎಳೆಯ ಸೀಗಡಿಯೊಂದನ್ನು ಹುಡುಕಿಕೊಂಡು, ಯಾರೂ ಕಲಿಸದೆ ಕಾವಲು ಕೂತುಬಿಟ್ಟಿತ್ತು.

ಊರಿಗೆ ಬಂದ ಮೇಲೂ ಮನಸ್ಸು ಮರಳಿನ ಮೇಲೇ ಇತ್ತು. ಗೋಬಿಗಳೆಲ್ಲ ಸಮುದ್ರದವಲ್ಲ, ಗ್ಲಾಸೊಗೋಬಿಯಸ್ ಜ್ಯೂರಿಸ್ ಎಂಬುದು ಆಫ್ರಿಕಾದಿಂದ ಪೆಸಿಫಿಕ್‌ವರೆಗೆ ಅಳಿವೆಗಳಲ್ಲೂ ಸಿಹಿನೀರಿನಲ್ಲೂ ಇದೆ, ಕಾವೇರಿಯಲ್ಲೂ ಇದೆ. ಒಂದು ಭಾನುವಾರ ಕೆಂಗೇರಿಯಲ್ಲಿ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋದೆ. ಹರಿಗೋಲಿನವರೊಬ್ಬರು ಮರಳು ಹಾಸಿದ ತೆಳುನೀರಿಗೆ ಕರೆದೊಯ್ದು, ಹುಟ್ಟನ್ನು ಮೇಲೆತ್ತಿ, ಬೆರಳು ಮಾಡಿ ತೋರಿಸಿದರು. ಮಣ್ಣುಬಣ್ಣದ ಮೀನು, ಪಕ್ಕೆಯಲ್ಲಿ ಸಾಲಾಗಿ ಕಪ್ಪು ಮಚ್ಚೆ. ಎದೆಯ ಕೆಳಗಿನ ರೆಕ್ಕೆ ಮರಳಿಗೆ ಊರಿ, ತಲೆ ಎತ್ತಿ, ಕಣ್ಣು ತಿರುಗಿಸುತ್ತ ಕೂತಿತ್ತು.

"ಇದನ್ನ ನೋಡಕ್ಕೆ ಬಂದ್ರಾ ಅಮ್ಮಾ?"

"ಹೌದಪ್ಪ, ಇದನ್ನೇ."

"ಸಂಜೆವರ್ಗೂ ಕೂತಿರಿ ಅಂಗಾರೆ. ಆ ಬಂಡೆ ಸಂದೀಲಿ ಇನ್ನೂ ಬೇಜಾನ್ ಅವೆ."